ಸೋಡಾ ಮಿಷನ್ನು ಮನೆಗೆ ಹೋದದ್ದು

ನಮ್ಮೂರಲ್ಲಿ ಎರವಲು ತಂದ ಸಾಮಾನನ್ನು ಯಾರೂ ಹಿಂದಕ್ಕೆ ಕೊಡುವುದಿಲ್ಲ. ಅವೇ ಹೋಗುತ್ತವೆ. ಶುಕ್ರವಾರ ಪಕ್ಕದ ಮನೆಯಿಂದ ಒಂದು ಒನಕೆ ತಂದಿರೋ, ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಅದು ನೆಲ ಕುಟ್ಟಿಕೊಂಡು ಕುಟ್ಟಿಕೊಂಡು ತನ್ನ ಮನೆ ಸೇರುತ್ತದೆ. ಕೊಡ ಉರುಳಿಕೊಂಡು ಹೋಗುತ್ತದೆ, ಕುರ್ಚಿ ಒಂದೊಂದೇ ಕಾಲು ಎತ್ತಿಹಾಕಿಕೊಂಡು ಹೋಗುತ್ತದೆ, ಛತ್ರಿ ಮಾತ್ರ ಸ್ವಲ್ಪ ಬಿಂಕದ ಜಾತಿ, ಗಾಳಿ ಬರುವ ತನಕ ಕಾಯುತ್ತದೆ. ಸೈಕಲ್ಲಿನವರು ಬದಿಗೆ ಸರಿದು ದಾರಿ ಬಿಡುತ್ತಾರೆ. "ಅಡ್ಡ ಹೋಗ್ಬೇಡ ಮಗಾ, ಪಾಪ ಅದು ಮನೆಗೆ ಹೊರಟೈತೆ" ಎಂದು ತಾಯಂದಿರು ಮಕ್ಕಳನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಾರೆ. ಇದರಲ್ಲಿ ಬೆರಗಾಗುವಂಥದ್ದು ನಮಗೇನೂ ಕಾಣುವುದಿಲ್ಲ.

ಮಾರಿದ್ದು, ದಾನ ಕೊಟ್ಟದ್ದು ಹಾಗೆ ಹೋಗುವುದಿಲ್ಲ. ಕೊಡುವವರು ಸಾಮಾನಿನ ಮೇಲೆ ಕೈಯಿಟ್ಟು "ಇನ್ನು ನೀನು ಅವರ ಮನೇದು" ಎಂದು ಮನಸಾರೆ ಒಂದು ಮಾತು ಹೇಳಿದರೆ ಮುಗಿಯಿತು. ಆದ್ದರಿಂದ ನಮ್ಮಲ್ಲಿ ವಾಪಸ್ಸು ಕೇಳುವ ಪದ್ಧತಿಯೇ ಇಲ್ಲ. ಬಂದರೆ ನಮ್ಮದು. ಬರಲಿಲ್ಲವೋ, ಮನೆಯವರಲ್ಲೇ ಯಾರೋ ಕೈಯಿಟ್ಟು ಮಾತು ಕೊಟ್ಟಿದ್ದಾರೆ ಎಂದು ತಿಳಿದು ಬಾಯಿ ಮುಚ್ಚಿಕೊಳ್ಳುವುದು. ಇನ್ನು ಕಳ್ಳತನ ಮಾಡಿ ಯಾರೇನು ಮಾಡಿಯಾರು? ನಮ್ಮೂರಲ್ಲಿ ಇರುವುದು ಒಂದೇ ಪಾಪ, ಕಟ್ಟಿಹಾಕುವುದು. ಹಗ್ಗದಲ್ಲೋ ಸರಪಳಿಯಲ್ಲೋ ಬಿಗಿದುಬಿಟ್ಟರೆ ಸಾಮಾನಾದರೂ ಏನು ಮಾಡೀತು? "ಕಟ್ಟಿಹಾಕ್ದೋನು" ಎಂಬ ಬೈಗುಳವನ್ನು ನಮ್ಮಲ್ಲಿ ಕುಡುಕರು ಕೂಡ ಯೋಚನೆ ಮಾಡಿ ಬೈಯುತ್ತಾರೆ.

ನಾನು ಶಾಂತವೀರಮ್ಮ. ಊರಿಗೆಲ್ಲ ಸೋಡಾ ಶಾಂತಕ್ಕ. ನಮ್ಮಜ್ಜ ಮರಿಬಸಪ್ಪನವರು ಈ ಊರಿಗೆ ಮೊದಲ ಗೋಲಿ ಸೋಡಾ ಕುಡಿಸಿದವರು. ಅವರ ಮಿಷನ್ನು ನಮ್ಮ ಮನೆಯ ಮುಂಭಾಗದ ಕೋಣೆಯಲ್ಲಿದೆ, ಅಲ್ಲ, ಇತ್ತು. ಆಳೆತ್ತರದ ಕಬ್ಬಿಣದ ಚೌಕಟ್ಟು, ಪಕ್ಕದಲ್ಲೊಂದು ಹ್ಯಾಂಡಲ್ಲು. ಬಾಟಲಿ ಸಿಕ್ಕಿಸಿ ತಿರುಗಿಸಿದರೆ ಅದು ತಲೆಕೆಳಗಾಗಿ ಸುತ್ತಿ, ಗ್ಯಾಸು ತುಂಬಿ, ಗೋಲಿ ಟಪ್ಪೆಂದು ಬಾಯಿಗೆ ಬಂದು ಕೂರುತ್ತಿತ್ತು. ಇದನ್ನು ನೋಡಲು ಬಂದವರಿಗೆ ನಾನು ಒಂದೊಂದು ಸೋಡಾ ಮಾಡಿ ಕೊಡುತ್ತಿದ್ದೆ, ಅಜ್ಜ ಅದನ್ನು ಸಮುದ್ರದ ಕಡೆಯಿಂದ ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದ ಕಥೆಯನ್ನೂ ಹೇಳುತ್ತಿದ್ದೆ. ಬೋರ್ಡಿನ ಮೇಲೆ 'ಸೋಡಾ ವಸ್ತುಸಂಗ್ರಹಾಲಯ' ಎಂದಿತ್ತು. ಜನರ ಬಾಯಲ್ಲಿ ಹಳೇ ಸಾಮಾನಿನ ಮನೆ.

ಮಿಷನ್ನು ನಾಲ್ಕು ಬೋಲ್ಟುಗಳಲ್ಲಿ ಕಲ್ಲಿನ ನೆಲಕ್ಕೆ ಬಿಗಿದಿತ್ತು. ಇದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಮಿಷನ್ನು ಅಂದ ಮೇಲೆ ಬೋಲ್ಟು ಇರಬೇಕಾದ್ದೇ, ಇಲ್ಲದಿದ್ದರೆ ಹ್ಯಾಂಡಲ್ ತಿರುಗಿಸುವಾಗ ಕುಣಿಯುತ್ತದೆ. ಆದರೆ ನನಗೆ ಗೊತ್ತಿತ್ತು. ಮುಚ್ಚುಮರೆ ಯಾಕೆ, ನನಗೆ ಹತ್ತೊಂಬತ್ತನೆಯ ವಯಸ್ಸಿಗೇ ಗೊತ್ತಾಗಿತ್ತು. ಅಜ್ಜ ಸಾಯುವ ಮುಂಚಿನ ದಿನ ನನ್ನ ಕೈ ಹಿಡಿದುಕೊಂಡು, ಆಸ್ತಿಯ ಮಾತಿಲ್ಲ, ದೇವರ ಮಾತಿಲ್ಲ, "ಮಗಳೇ, ಬೋಲ್ಟು ಸಡಿಲ ಬಿಡಬೇಡ" ಎಂದರು. ಅಷ್ಟೇ. ಅಂದಿನಿಂದ ಪ್ರತಿ ಶುಕ್ರವಾರ ನಾನು ನೆಲದ ಮೇಲೆ ಕೂತು ಸ್ಪ್ಯಾನರ್ ಹಿಡಿದು ನಾಲ್ಕೂ ನಟ್ಟು ಬಿಗಿ ಮಾಡುತ್ತಿದ್ದೆ. ಪ್ರತಿ ವಾರವೂ ಅವು ಅರ್ಧ ಸುತ್ತು ಸಡಿಲವಾಗಿರುತ್ತಿದ್ದವು. ತನ್ನ ಮನೆಯಲ್ಲಿರುವ ವಸ್ತು ಯಾಕೆ ಬೋಲ್ಟು ಎಳೆದೀತು ಹೇಳಿ? ಮಿಷನ್ನು ನಮ್ಮದಲ್ಲ. ಯಾರದು ಎಂದು ಮಾತ್ರ ನನಗೆ ತಿಳಿದಿರಲಿಲ್ಲ, ತಿಳಿದುಕೊಳ್ಳಲು ನಾನು ಹೋಗಲೂ ಇಲ್ಲ. ಅಪ್ಪ ಅಮ್ಮ ಇಲ್ಲದ ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ಅಜ್ಜ ಅದು. ಅಂಥವರನ್ನು ಊರು ಕಟ್ಟಿಹಾಕ್ದೋನು ಅನ್ನುವುದನ್ನು ಕೇಳಲು ನನಗೆ ಎದೆಯಿರಲಿಲ್ಲ. ಮತ್ತೆ, ಮಿಷನ್ನು ಹೊರಟುಹೋದರೆ ನನ್ನ ಬಳಿ ಉಳಿಯುವುದಾದರೂ ಏನು?

ನನ್ನಂಥ ಮ್ಯೂಸಿಯಂಗಳು ಊರಲ್ಲಿ ಏಳಿದ್ದವು. ಸಾಮಾನು ಮನೆ ಬಿಟ್ಟು ನಿಲ್ಲದ ಊರಲ್ಲಿ ಎಲ್ಲವನ್ನೂ ಒಂದು ಕಡೆ ಸೇರಿಸಿ ದೊಡ್ಡದು ಕಟ್ಟುವುದು ಹೇಗೆ? ಕೇರಿಗೊಂದು ಪುಟ್ಟದು. ಒಂದು ಕಡೆ ಕೊಳಗ, ಸೇರು, ಪಾವುಗಳ ಮನೆ, ಒಂದು ಕಡೆ ಮದುವೆ ಪಲ್ಲಕ್ಕಿ, ಮತ್ತೊಂದು ಕಡೆ ತಿರುಗುವ ಕ್ಷೌರದ ಕುರ್ಚಿ. ಗಡಿಯಾರ ರಿಪೇರಿಯ ಇಮಾಂಸಾಬರದ್ದು ನಿಂತುಹೋದ ಗಡಿಯಾರಗಳ ಮ್ಯೂಸಿಯಂ. ನೋಡುವವರೇ ಇರಲಿಲ್ಲ. ಪರಸ್ಥಳದ ಬಸ್ಸು ಚಹಾಕ್ಕೆಂದು ಹತ್ತು ನಿಮಿಷ ನಿಂತರೆ, ಬಂದವರು ಒಂದು ಮನೆ ನೋಡುವಷ್ಟರಲ್ಲಿ ಡ್ರೈವರ್ ಹಾರನ್ ಹೊಡೆಯುತ್ತಿದ್ದ. ಆ ಒಂದು ಮನೆ ಯಾವುದಾಗಬೇಕು ಎಂದು ನಾವು ಏಳೂ ಜನ ಬಸ್ ನಿಲ್ದಾಣದಲ್ಲಿ ನಿಂತು ಬಾಯಿ ಬಡಿದುಕೊಳ್ಳುತ್ತಿದ್ದೆವು. ಮಾನಗೆಟ್ಟ ಕೆಲಸ.

ಒಂದು ದಿನ ಇಮಾಂಸಾಬರು ಎಲ್ಲರನ್ನೂ ತಮ್ಮ ಅಂಗಡಿಗೆ ಕರೆದರು. "ಹಿಂಗೆ ಕಚ್ಚಾಡಿ ಏಳೂ ಮನೆ ಬಾಗಿಲು ಹಾಕೋದು ಗ್ಯಾರಂಟಿ. ಒಂದಾಗೋಣ. ನೋಡೋಕೆ ಬಂದೋರಿಗೆ ಒಂದೇ ಚೀಟಿ, ಒಂದೇ ಬೋರ್ಡು. ಹಳೇ ಹತ್ತಿ ಗೋಡೌನು ಖಾಲಿ ಬಿದ್ದೈತೆ, ಎಲ್ಲ ಸಾಮಾನೂ ಅಲ್ಲಿಡಾಣ."

"ಮೂರನೇ ದಿನ?" ಎಂದು ಪಲ್ಲಕ್ಕಿಯವರು ಕೇಳಿದರು.

"ಮೂರನೇ ದಿನ ಮನೆಗೆ ಹೋಗ್ತವೆ. ಹೋಗ್ಲಿ ಬಿಡಿ, ಮುಂದಿನ ಶುಕ್ರವಾರ ಮತ್ತೆ ತರೋಣ. ನಾವೇನು ಕೆಲಸ ಇಟ್ಕೊಂಡು ಕೂತಿದೀವಾ?"

ಎಲ್ಲರೂ ನಕ್ಕು ಒಪ್ಪಿದರು. ನಾನೂ ನಕ್ಕೆ. "ನಂದು ಭಾರ, ಎತ್ತೋಕಾಗಲ್ಲ. ಬಾಟ್ಲಿ ಪೆಟ್ಟಿಗೆ ತರ್ತೀನಿ" ಅಂದೆ.

ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುತ್ತಾರಲ್ಲ, ಹಾಗಾಯಿತು. ಗೋಡೌನಿನಲ್ಲಿ ಜೋಡಿಸಿದ್ದನ್ನು ನೋಡಿ ಶನಿವಾರ ಬಂದ ಬಸ್ಸಿನವರು ಆಕಳಿಸಿದರು. ಆದರೆ ಅವರ ಬಸ್ಸು ಕೆಟ್ಟು ಊರಲ್ಲೇ ಉಳಿಯಬೇಕಾಗಿ ಬಂತು. ಭಾನುವಾರ ಬೆಳಗ್ಗೆ ಹಲ್ಲುಜ್ಜುತ್ತಾ ನಿಂತವರು ಕಂಡದ್ದೇನು? ಗೋಡೌನಿನ ಬಾಗಿಲಿಂದ ಪಾವುಗಳು ಟಣಟಣ ಉರುಳಿಕೊಂಡು, ಅವುಗಳ ಹಿಂದೆ ಕೊಳಗ, ಅದರ ಹಿಂದೆ ಕ್ಷೌರದ ಕುರ್ಚಿ ತಿರುಗಿಕೊಂಡು ತಿರುಗಿಕೊಂಡು, ಪಲ್ಲಕ್ಕಿ ಯಾರೂ ಹೊರದೆ ಓಲಾಡಿಕೊಂಡು, ಗಡಿಯಾರಗಳು ಗುಂಪು ಗುಂಪಾಗಿ ಮನೆಗೆ ಹೊರಟದ್ದು. ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು ಹಿಂದೆ ಓಡಿದರು ಪುಣ್ಯಾತ್ಮರು. ಒಂದೊಂದು ಸಾಮಾನು ತನ್ನ ಬಾಗಿಲು ಹೊಕ್ಕಾಗಲೂ ಚಪ್ಪಾಳೆ ಹೊಡೆದರು. ನಮಗೆ ದಿನಾ ಕಾಣುವ ಸಂಗತಿ ಅವರಿಗೆ ಎಂಟನೆಯ ಅದ್ಭುತವಾಯಿತು. ನನ್ನ ಬಾಟಲಿ ಪೆಟ್ಟಿಗೆಯೂ ಗಲಗಲ ಎಂದು ಬಂದು ಹೊಸಿಲು ದಾಟಿತು. ಅದಕ್ಕೂ ಚಪ್ಪಾಳೆ ಬಿತ್ತು. ನನಗೆ ಮುಖ ಎತ್ತಲಾಗಲಿಲ್ಲ.

ಎರಡು ತಿಂಗಳಲ್ಲಿ ಊರಿನ ಗತ್ತೇ ಬದಲಾಯಿತು. ಭಾನುವಾರ ಬೆಳಗ್ಗೆ ಬೀದಿಯ ಇಕ್ಕೆಲದಲ್ಲೂ ಜನ. ಸಾಮಾನಿನ ಹಿಂದೆ ನಡೆದುಕೊಂಡು ಹೋಗಿ ಏಳೂ ಮನೆ ನೋಡಿ, ಕಥೆ ಕೇಳಿ, ಊಟ ಮಾಡಿ ಹೋಗುತ್ತಿದ್ದರು. ಕಡಲೆಪುರಿ ಮಾರುವ ಈರಮ್ಮಕ್ಕನ ಬುಟ್ಟಿ ಹತ್ತು ಗಂಟೆಗೇ ಖಾಲಿ. ಎಪ್ಪತ್ತು ದಾಟಿದ ಒಂಟಿ ಹೆಂಗಸು ಆಕೆ, ಕುಲುಮೆ ಕೇರಿಯ ಕೊನೆಯ ಮನೆ, ಮಾತು ಕಡಿಮೆ. "ಈ ವಯಸ್ಸಲ್ಲಿ ನಂಗೂ ಒಳ್ಳೇ ಕಾಲ ಬಂತು ನೋಡು ಶಾಂತಾ" ಎಂದು ಅಪರೂಪಕ್ಕೆ ನನ್ನ ಮುಂದೆ ನಕ್ಕಿದ್ದಳು.

ಆದರೆ ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ: "ಆ ದೊಡ್ಡ ಸೋಡಾ ಮಿಷನ್ನು ಯಾವಾಗ ನಡೆಯುತ್ತೆ?" ಉಳಿದ ಆರು ಜನರೂ ಅದನ್ನೇ ಕೇಳತೊಡಗಿದರು. ಎತ್ತಲು ಜನ ಕೊಡುತ್ತೇವೆ ಅಂದರು, ದಪ್ಪ ಬಿದಿರು ತರುತ್ತೇವೆ ಅಂದರು. ನಾನು ಒಂದು ವಾರ ಬೆನ್ನುನೋವು ಅಂದೆ, ಒಂದು ವಾರ ಅಮಾವಾಸ್ಯೆ ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ನನ್ನ ಅವಸ್ಥೆ.

ಇಮಾಂಸಾಬರು ಒಂದು ಮಧ್ಯಾಹ್ನ ಒಬ್ಬರೇ ಬಂದರು. ಬಂದವರು ಮಿಷನ್ನು ನೋಡಲಿಲ್ಲ, ಅದರ ಬುಡ ನೋಡಿದರು. ಬೋಲ್ಟಿನ ಸುತ್ತ ಕಲ್ಲು ಬಾಗಿಲ ಕಡೆಗೆ ಸವೆದಿತ್ತು. ಐವತ್ತು ವರ್ಷ ಮುಳ್ಳು, ಹಲ್ಲು, ಸ್ಪ್ರಿಂಗು ನೋಡಿದ ಕಣ್ಣು ಅದು.

"ಶಾಂತಕ್ಕ, ಇನ್ನು ಯಾರೂ ನಿನ್ನ ಕೇಳದಂಗೆ ನೋಡ್ಕೋತೀನಿ. ಮಿಷನ್ ಹಳೇದು, ಅಲ್ಲಾಡಿಸಿದ್ರೆ ಮುರೀತದೆ ಅಂತ ಹೇಳ್ತೀನಿ. ನೀನು ಬಾಟ್ಲಿ ಪೆಟ್ಟಿಗೇನೇ ತಾ."

"ನಿಮಗೆ ಗೊತ್ತಾಯ್ತಾ ಸಾಬ್ರೇ?"

"ನಂಗೇನು ಗೊತ್ತಿಲ್ಲವ್ವ. ಗೊತ್ತಾಗೋದೂ ಬೇಡ. ಒಂದಾಗೋಣ ಅಂತ ಕರೆದೋನು ನಾನು. ಒಬ್ಬರ ಮರ್ಯಾದೆ ತೆಗೆಯೋಕೆ ಕರೀಲಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಒಳ್ಳೆಯತನ ನನ್ನನ್ನು ಸುಟ್ಟುಬಿಟ್ಟಿತು. ಆ ಭಾನುವಾರ ಬೆಳಗ್ಗೆ ಬಾಗಿಲು ಹಾಕಿಕೊಂಡು ಒಳಗೇ ಕೂತೆ. ಹೊರಗೆ ಬೀದಿಯಲ್ಲಿ ಪಾವು ಸೇರುಗಳು ಸದ್ದು ಮಾಡಿಕೊಂಡು ಮನೆಗೆ ಹೋಗುತ್ತಿದ್ದವು. ಒಳಗೆ ಮಿಷನ್ನು ನಡುಗುತ್ತಿತ್ತು. ಉತ್ಪ್ರೇಕ್ಷೆಯಲ್ಲ, ಹ್ಯಾಂಡಲ್ಲು ತಾನಾಗಿ ಅಲ್ಲಾಡುತ್ತಿತ್ತು, ನಟ್ಟುಗಳು ಕಿರ್ ಕಿರ್ ಅನ್ನುತ್ತಿದ್ದವು. ಹಟ್ಟಿಯ ದನಗಳೆಲ್ಲ ಮೇಯಲು ಹೋಗುವಾಗ ಕಟ್ಟಿಹಾಕಿದ ಒಂದೇ ಹಸು ಹೇಗೆ ಒದ್ದಾಡುತ್ತದೋ ಹಾಗೆ. ನಾನು ಅದರ ಮೇಲೆ ಕೈಯಿಟ್ಟು ಗೊಳೋ ಎಂದು ಅತ್ತುಬಿಟ್ಟೆ. "ಅಜ್ಜಾ, ಇನ್ನು ನನ್ನ ಕೈಲಾಗಲ್ಲ" ಅಂದೆ. ಶುಕ್ರವಾರ ಸ್ಪ್ಯಾನರ್ ತೆಗೆದುಕೊಂಡು ಕೂತವಳು ನಟ್ಟುಗಳನ್ನು ಬಿಗಿ ಮಾಡಲಿಲ್ಲ, ನಾಲ್ಕನ್ನೂ ಬಿಚ್ಚಿದೆ.

ಎಂಟು ಜನ ಬಿದಿರು ಕೊಟ್ಟು ಗೋಡೌನಿಗೆ ಹೊತ್ತರು. ಹೊರುವಾಗ ಅದು ಹೂವಿನ ಹಾಗೆ ಹಗುರಾಗಿತ್ತು ಎಂದು ಅವರು ಇವತ್ತಿಗೂ ಹೇಳುತ್ತಾರೆ. ಶನಿವಾರ ಇಮಾಂಸಾಬರು ಎರಡು ಸಲ ಬಂದು, "ಈಗಲೂ ವಾಪಸ್ ಹೊರಿಸ್ತೀನಿ, ಹೇಳು" ಅಂದರು. ಬೇಡ ಅಂದೆ.

ಭಾನುವಾರ ನಾನು ಗೋಡೌನಿಗೆ ಹೋಗಲಿಲ್ಲ. ನನ್ನ ಬಾಗಿಲಲ್ಲಿ ನಿಂತೆ. ಆಸೆಯೆಂಬುದು ಎಂಥ ಕೆಟ್ಟದ್ದು ನೋಡಿ, ಮೂವತ್ತೇಳು ವರ್ಷ ನಟ್ಟು ಬಿಗಿದ ನಾನೂ, ಒಂದು ವೇಳೆ ನಮ್ಮ ಮನೆಗೇ ಬಂದರೆ ಎಂದು ಬಾಗಿಲು ಹಾರುಹೊಡೆದು ಇಟ್ಟಿದ್ದೆ. ಮಿಷನ್ನು ಬೀದಿಯ ತಿರುವಿನಲ್ಲಿ ಕಾಣಿಸಿತು. ಬುಡದ ಎರಡು ಪಾದಗಳನ್ನು ಒಂದಾದ ಮೇಲೊಂದು ಎತ್ತಿಡುತ್ತಾ, ಹ್ಯಾಂಡಲ್ಲನ್ನು ಕೈಯಂತೆ ಬೀಸುತ್ತಾ, ಕಬ್ಬಿಣದ ತೂಕವೆಲ್ಲ ಎಲ್ಲಿ ಹೋಯಿತೋ, ದಾಪುಗಾಲು ಹಾಕಿಕೊಂಡು ಬರುತ್ತಿತ್ತು. ಹಿಂದೆ ಇನ್ನೂರು ಜನ. ನನ್ನ ಬಾಗಿಲ ಮುಂದೆ ಬಂತು. ನಿಲ್ಲಲಿಲ್ಲ. ಮುಂದೆ ಹೋಯಿತು.

ಪರಸ್ಥಳದವರು ಚಪ್ಪಾಳೆ ಹೊಡೆಯುತ್ತಲೇ ಇದ್ದರು, ಅವರಿಗೇನು ಗೊತ್ತು. ನಮ್ಮೂರಿನವರು ಮಾತ್ರ ಒಬ್ಬೊಬ್ಬರಾಗಿ ನಿಂತು ನನ್ನ ಮುಖ ನೋಡಿದರು. ನಾನು ಸೆರಗು ಬಿಗಿ ಮಾಡಿಕೊಂಡು ಮಿಷನ್ನಿನ ಹಿಂದೆ ನಡೆದೆ. ನೋಡುವವರು ನೋಡಲಿ ಅಂದುಕೊಂಡೆ. ಇಮಾಂಸಾಬರು ನನ್ನ ಪಕ್ಕ ಬಂದು ಹೆಜ್ಜೆ ಹಾಕಿದರು. ಮಿಷನ್ನು ಪೇಟೆ ದಾಟಿತು, ಬಾವಿ ಬಳಸಿತು, ಕುಲುಮೆ ಕೇರಿಗೆ ಇಳಿದು ಕೊನೆಯ ಮನೆಯ ಮುಂದೆ ನಿಂತಿತು. ಬಾಗಿಲು ಚಿಕ್ಕದು, ಒಳಗೆ ಹಿಡಿಸಲಿಲ್ಲ. ಜಗಲಿಗೆ ಒರಗಿ ನಿಂತುಬಿಟ್ಟಿತು.

ಕಡಲೆಪುರಿ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಜನರ ಜೊತೆ ನೋಡಲು ಬಂದಿದ್ದ ಈರಮ್ಮಕ್ಕ, ತನ್ನ ಮನೆಯ ಮುಂದೆ ತಾನೇ ಪರಕೀಯಳ ಹಾಗೆ ನಿಂತಳು. ಆಮೇಲೆ ಮೆಲ್ಲಗೆ ಬುಟ್ಟಿ ಇಳಿಸಿ ಹೋಗಿ ಚೌಕಟ್ಟಿನ ಒಳಮಗ್ಗುಲನ್ನು ಬೆರಳಲ್ಲಿ ತಡಕಿದಳು. ಅಲ್ಲಿ ಏನೋ ಸಿಕ್ಕಿತು.

"ಅಪ್ಪನ ಸುತ್ತಿಗೆ ಏಟು" ಅಂದಳು. "ಇಲ್ಲೊಂದು ತಪ್ಪು ಬಿದ್ದಿತ್ತು. ನಾನೇ ತಿದಿ ಒತ್ತಿದ್ದೆ ಅವತ್ತು."

ಮಿಷನ್ನು ಸಮುದ್ರದ ಕಡೆಯಿಂದ ಬಂದದ್ದಲ್ಲ. ಅದನ್ನು ಬಡಿದು ಮಾಡಿದವರು ಆಕೆಯ ಅಪ್ಪ ರುದ್ರಾಚಾರಿ, ಇದೇ ಕೇರಿಯ ಕುಲುಮೆಯಲ್ಲಿ. ನಮ್ಮಜ್ಜ ಸೋಡಾ ಮಾರುವ ಪಾಲುಗಾರ ಅಷ್ಟೆ. ಆಚಾರಿ ಹಠಾತ್ತನೆ ತೀರಿಕೊಂಡಾಗ, "ಮಗಳು ದೊಡ್ಡೋಳಾಗೋ ತನಕ ನಮ್ಮನೇಲಿರ್ಲಿ" ಎಂದು ಅಜ್ಜ ಅದನ್ನು ಹೊರಿಸಿಕೊಂಡು ಬಂದರಂತೆ. ಆಗ ಈರಮ್ಮಕ್ಕನಿಗೆ ಹನ್ನೊಂದು ವರ್ಷ. ಮೂರನೆಯ ದಿನ ತಾಯಿ ಮಗಳು ಬೆಳಕು ಹರಿಯುವ ಮುಂಚೆಯೇ ಎದ್ದು ಜಗಲಿಯಲ್ಲಿ ಕಾದರಂತೆ. ಬರಲಿಲ್ಲ.

"ಬರ್ಲಿಲ್ಲ ಅಂದ್ರೆ ಏನರ್ಥ ನಮ್ಮೂರಲ್ಲಿ?" ಈರಮ್ಮಕ್ಕ ನನ್ನ ಕಡೆ ತಿರುಗಿದಳು. "ಅವ್ವ ಕೈಯಿಟ್ಟು ಕೊಟ್ಟವ್ಳೆ ಅಂದ್ಕೊಂಡೆ. ಅಪ್ಪ ಮಾಡಿದ್ದನ್ನ ಕೊಟ್ಬಿಟ್ಳು ಅಂತ. 'ನಾನು ಕೈಯಿಟ್ಟಿಲ್ಲ ಕಣೇ ಈರಿ' ಅಂತ ಸಾಯೋ ತನಕ ಹೇಳಿದ್ಳು. ಒಂದಿನಾನೂ ನಂಬ್ಲಿಲ್ಲ ನಾನು. ಇಪ್ಪತ್ತೆರಡು ವರ್ಷ ಒಂದೇ ಮನೇಲಿ ಇದ್ಕೊಂಡು ಅವಳ ಕೂಡೆ ನೆಟ್ಟಗೆ ಮಾತಾಡ್ಲಿಲ್ಲ. ಬಾಯಿಗೆ ನೀರು ಬಿಡುವಾಗ್ಲೂ ಮುಖ ತಿರುಗಿಸ್ಕೊಂಡೇ ಬಿಟ್ಟೆ."

ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನನ್ನೇ ದಿಟ್ಟಿಸಿ ಕೇಳಿದಳು.

"ನಿಮ್ಮಜ್ಜ ಕಟ್ಟಿಹಾಕಿದ್ನಾ?"

"ಹೂಂ ಅಕ್ಕ."

"ನಿಂಗೆ ಗೊತ್ತಿತ್ತಾ?"

"ನಮ್ದಲ್ಲ ಅಂತ ಗೊತ್ತಿತ್ತು. ಯಾರ್ದು ಅಂತ ಗೊತ್ತಿರ್ಲಿಲ್ಲ."

"ಕೇಳ್ಬೋದಾಗಿತ್ತು."

"ಕೇಳ್ಬೋದಾಗಿತ್ತು. ಕೇಳ್ಲಿಲ್ಲ. ತಪ್ಪಾಯ್ತು."

ಈರಮ್ಮಕ್ಕ ಬೈಯಲಿಲ್ಲ, ಶಾಪ ಹಾಕಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ "ಅವ್ವಾ, ಅವ್ವಾ" ಎಂದು ಎರಡೇ ಸಲ ಕೇಳಿಸಿತು. ಆ ಎರಡು ಸಲವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಆಮೇಲೆ ನಾನು ಬೋರ್ಡು ಇಳಿಸಿಬಿಟ್ಟೆ. ಒಂದು ವಾರ ಬಾಗಿಲು ತೆರೆಯಲಿಲ್ಲ. ಕಡೆಗೆ ಇಮಾಂಸಾಬರು ಬಂದು ಬಡಿದರು. "ಚೀಟೀಲಿ ಏಳು ಮನೆ ಅಂತ ಅಚ್ಚಾಗೈತೆ. ಬಂದೋರಿಗೆ ಬಾಗಿಲು ತೆಗಿ."

"ತೋರ್ಸೋಕೆ ಏನೈತೆ ಸಾಬ್ರೇ? ನಾಲ್ಕು ತೂತು."

"ತೂತು ತೋರ್ಸು. ಆದದ್ದು ಹೇಳು."

ಹೇಳಿದೆ. ಅಜ್ಜ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡದ್ದನ್ನೂ ಹೇಳಿದೆ, ಬೋಲ್ಟು ಹಾಕಿದ್ದನ್ನೂ ಹೇಳಿದೆ. ಎರಡೂ ಮಾಡಿದ್ದು ಒಬ್ಬರೇ ಮನುಷ್ಯ ಅಂದೆ. ಜನ ಬಗ್ಗಿ ಕಲ್ಲಿನ ಸವೆತವನ್ನು ಮುಟ್ಟಿ ನೋಡಿದರು. ಅವತ್ತು ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಅದೇ ನನಗೆ ಸಮಾಧಾನ. ಹಾಗೆ ಬಂದವರನ್ನು ಕುಲುಮೆ ಕೇರಿಗೆ ಕಳಿಸುತ್ತಿದ್ದೆ. ಇಮಾಂಸಾಬರು ಚೀಟಿಯನ್ನು ಮತ್ತೆ ಅಚ್ಚು ಹಾಕಿಸಿದರು, ಎಂಟು ಮನೆ ಅಂತ.

ನಾನು ಮಾತ್ರ ಆ ಕೇರಿಗೆ ಕಾಲಿಡಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ಒಂದು ತಿಂಗಳಾದ ಮೇಲೆ ಈರಮ್ಮಕ್ಕನೇ ನನ್ನ ಬಾಗಿಲಿಗೆ ಬಂದಳು. ಒಳಗೆ ಬಾ ಅಂದರೂ ಬರಲಿಲ್ಲ.

"ಜನ ಸೋಡಾ ಕೇಳ್ತವ್ರೆ. ನಂಗೆ ಅದು ತಿರುಗ್ಸೋಕೆ ಬರಲ್ಲ. ಎಣ್ಣೆ ಎಲ್ಲಿ ಹಾಕೋದು ಅಂತಲೂ ಗೊತ್ತಿಲ್ಲ, ತುಕ್ಕು ಹಿಡೀತೈತೆ. ಬಂದು ಕಲಿಸ್ಕೊಡು."

"ಅಕ್ಕ, ನಾನು ಬಂದ್ರೆ..."

"ನಿನ್ನ ಮೇಲೆ ಸಿಟ್ಟಿಲ್ಲ ಅಂತ ನಾನು ಹೇಳ್ಲಿಲ್ಲ. ಎಣ್ಣೆ ಹಾಕು ಅಂದೆ."

ಹೋದೆ. ಮೊದಮೊದಲು ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ಇಲ್ಲಿ ಎರಡು ಹನಿ, ಅಲ್ಲಿ ಗ್ರೀಸು, ಹ್ಯಾಂಡಲ್ಲು ಒಂದೇ ಹದದಲ್ಲಿ ತಿರುಗಿಸಬೇಕು, ಇಲ್ಲದಿದ್ದರೆ ಬಾಟಲಿ ಒಡೆಯುತ್ತದೆ. ಆಕೆಯ ತೋಳಿಗೆ ಬಲ ಸಾಲದು, ಕಣ್ಣು ಮಾತ್ರ ಚುರುಕು. ನಾನು ತಿರುಗಿಸುವುದು, ಆಕೆ ಬಾಟಲಿ ಹಿಡಿಯುವುದು, ಹೀಗೆ ಒಂದು ರೂಢಿಯಾಯಿತು. ಭಾನುವಾರವಿದ್ದದ್ದು ಶನಿವಾರವೂ ಆಯಿತು, ಆಮೇಲೆ ದಿನಾ ಆಯಿತು. ಒಂದು ದಿನ ಈರಮ್ಮಕ್ಕ ತನ್ನ ಅವ್ವನ ವಿಚಾರ ಎತ್ತಿದಳು. ಆಕೆ ಮಾಡುತ್ತಿದ್ದ ಹುರುಳಿ ಸಾರು, ಆಕೆಯ ನಗು, ಹೀಗೆ. ಎಷ್ಟೋ ವರ್ಷ ಬಾಯಿಗೆ ಬಾರದ್ದು ಈಗ ಕಟ್ಟೆಯೊಡೆದು ಬರುತ್ತಿತ್ತು. ನಾನು ಹೂಂಗುಟ್ಟುತ್ತಾ ಕೇಳಿದೆ. ಕೇಳುವುದೊಂದೇ ನಾನು ಕೊಡಬಹುದಾಗಿದ್ದದ್ದು.

ಹೋದ ವಾರ ಮಂಗಳವಾರ, ಮಧ್ಯಾಹ್ನದ ಊಟಕ್ಕೆ ಒಯ್ದಿದ್ದ ನನ್ನ ಸ್ಟೀಲಿನ ಡಬ್ಬಿಯನ್ನು ಅಲ್ಲೇ ಮರೆತು ಬಂದೆ. ಮರುದಿನದಿಂದ ಎರಡು ದಿನ ಊರಲ್ಲೇ ಸಂಬಂಧಿಕರ ಮನೆಯ ಮದುವೆ, ಕುಲುಮೆ ಕೇರಿಗೆ ಹೋಗಲಾಗಲಿಲ್ಲ. ಹೆಂಗಿದ್ದರೂ ಗುರುವಾರ ಬೆಳಗ್ಗೆ ತಾನೇ ಬರುತ್ತದಲ್ಲ ಎಂದು ತಲೆ ಕೆಡಿಸಿಕೊಳ್ಳಲಿಲ್ಲ. ಗುರುವಾರ ಹೊಸಿಲಿಗೆ ನೀರು ಹಾಕಿ ಕಾದೆ. ಪಕ್ಕದ ಮನೆಯ ಜರಡಿ ಬಂತು, ಎದುರು ಮನೆಯ ಏಣಿ ಬಂತು. ನನ್ನ ಡಬ್ಬಿ ಬರಲಿಲ್ಲ. ಶುಕ್ರವಾರವೂ ಬರಲಿಲ್ಲ. ನನಗೆ ಎಲ್ಲೆಲ್ಲೋ ಯೋಚನೆ ಹೋಯಿತು. ಈ ಸಲ ಸುಮ್ಮನಿರಬಾರದು, ಕೇಳಿಯೇ ಬಿಡಬೇಕು ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಈರಮ್ಮಕ್ಕ ಒಲೆಯ ಮುಂದೆ ಕೂತಿದ್ದಳು.

"ಅಕ್ಕ, ತಪ್ಪು ತಿಳ್ಕೋಬೇಡ, ಕೇಳ್ತಿದೀನಿ. ನನ್ನ ಡಬ್ಬಿ ನೀನೇನಾದ್ರೂ ಕಟ್ಟಿಹಾಕಿದೀಯಾ?"

"ಕಟ್ಟಿಹಾಕೋಕೆ ನಾನೇನು ನಿಮ್ಮಜ್ಜನಾ?" ಆಕೆ ತಿರುಗಿ ಕೂಡ ನೋಡಲಿಲ್ಲ, ಸೌಟಿನಲ್ಲೇ ಗೂಡಿನ ಕಡೆ ತೋರಿಸಿದಳು. ಆಕೆಯ ಚೆಂಬು ತಟ್ಟೆಗಳ ನಡುವೆ ನನ್ನ ಡಬ್ಬಿ ಕೂತಿತ್ತು. ಹಗ್ಗವಿಲ್ಲ, ದಾರವಿಲ್ಲ. "ನಿನ್ನೆ ಬೆಳಗ್ಗೆ ಬಾಗಿಲು ತೆಗೆದು 'ಹೋಗಪ್ಪ, ನಿಮ್ಮನೆಗೆ ಹೋಗು' ಅಂತ ಕೂಡ ಅಂದೆ. ಅದು ಹೋಗಲ್ಲ ಅಂತು. ನಾನೇನು ಮಾಡ್ಲಿ? ಕೂತ್ಕೋ, ಹುರುಳಿ ಸಾರು ಕುದೀತೈತೆ."